ಕೊಪ್ಪಲು ಕಡಿದ ಗೀಟು

ಗಡಿ ಅಂದಲ್ಲಿ ನಗೆಪಾಟಲು ತಪ್ಪಿದ್ದನ್ನು ನಾನಂತೂ ಕಂಡಿಲ್ಲ. ಹೊಳೆನರಸೀಪುರದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ತಾಲ್ಲೂಕು ಪಂಚಾಯಿತಿ ಕ್ಷೇತ್ರಗಳನ್ನು ಹೊಸದಾಗಿ ವಿಂಗಡಿಸಿದಾಗ ಅರಕಲಗೂಡು, ಚನ್ನರಾಯಪಟ್ಟಣದ ಕಡೆಯವರೂ ನಕ್ಷೆ ಹಿಡಿದು ಬಂದು, ಕಾಪಿ ಮಾಡಿಸಿ, ಬೈದುಕೊಂಡು ಹೋಗುತ್ತಿದ್ದರು. ಆಮೇಲೆ ಪಕ್ಕದ ಹಳ್ಳಿಯಾದ ನಮ್ಮೂರಿನದೂ ಬಂತು. ಊರು ಒಂದು ಕ್ಷೇತ್ರಕ್ಕೆ, ಕೂಗಳತೆಯಲ್ಲಿರುವ, ಊರಿಗೇ ಸೇರಿದ ಕೊಪ್ಪಲು ಇನ್ನೊಂದಕ್ಕೆ. ಕಳೆದ ಸಲ ಗೆದ್ದ ನಮ್ಮ ಮೆಂಬರಮ್ಮ ಯಾವ ಪಕ್ಷದ ಮುಖಂಡರಿಗೂ ಸೊಪ್ಪು ಹಾಕುವವರಲ್ಲ. ಅವರ ಓಟು ಅರ್ಧ ಊರಿನಲ್ಲಿ, ಅರ್ಧ ಕೊಪ್ಪಲಿನಲ್ಲಿ. ಕೊಪ್ಪಲು ಕಡಿದರೆ ಅವರು ಸೋತ ಹಾಗೆಯೇ.

ಎತ್ತಿನ ದಾರಿ

ನಕ್ಷೆಯನ್ನು ದೊಡ್ಡದು ಮಾಡಿ ಅಂಗಡಿ ಬಾಗಿಲಿಗೆ ಅಂಟಿಸಿದೆ. ಗಡಿಯ ಗೀಟು ರಸ್ತೆ ಬಿಟ್ಟು ಗದ್ದೆಗಿಳಿದು, ಕೊಪ್ಪಲನ್ನು ಬಳಸಿ, ಮತ್ತೆ ರಸ್ತೆಗೆ ಹತ್ತಿತ್ತು. ನಮ್ಮೂರಿನ ಗೌಡರೊಬ್ಬರು ಕನ್ನಡಕ ಏರಿಸಿ ನೋಡುತ್ತಿದ್ದಾಗ ಪಕ್ಕದವನು, "ಎತ್ತು ನಡೀತಾ ಉಚ್ಚೆ ಉಯ್ದಂಗೈತೆ, ಅಲ್ವಾ ಗೌಡ್ರೇ?" ಅಂದ.

ಗೌಡರಿಗೆ ರೇಗಿತು. "ಸುಮ್ಕಿರ್ಲಾ. ನಮ್ಮೆತ್ತು ಇದ್ಕಿಂತ ನೆಟ್ಗೆ ಉಯ್ತದೆ."

ಎಡಕ್ಕೋ ಬಲಕ್ಕೋ

ಆಕ್ಷೇಪಣೆ ಕೇಳುವ ದಿನ ಹಾಸನಕ್ಕೆ ಬಸ್ಸು ಮಾಡಿಕೊಂಡು ಹೋದೆವು. ಗೌಡರ ಬೀದಿ, ಲಿಂಗಾಯತರ ಬೀದಿ, ಕೊಪ್ಪಲು, ಒಂದು ಚರಂಡಿ ವಿಷಯಕ್ಕೂ ಒಮ್ಮತಕ್ಕೆ ಬಾರದ ಜನ. ಅವರು ಬುತ್ತಿ ಹಂಚಿಕೊಂಡು ತಿನ್ನುವುದನ್ನು ನಾನು ಕಣ್ಣರಳಿಸಿ ನೋಡಿದೆ.

ಗದ್ದಲ ತಡೆಯಲಾರದೆ ಅಧಿಕಾರಿ, "ಊರಿನವರು ಬಲಕ್ಕೆ, ಕೊಪ್ಪಲಿನವರು ಎಡಕ್ಕೆ ನಿಲ್ಲಿ" ಅಂದರು. ಒಬ್ಬರೂ ಅಲುಗಲಿಲ್ಲ. "ಯಾಕಮ್ಮಾ?" ಎಂದು ಮುಂದಿದ್ದ ನನ್ನ ಹೆಂಡತಿಯನ್ನು ಕೇಳಿದರು. ಅವಳು ಕೊಪ್ಪಲಿನ ಮಗಳು, ಊರಿನ ಸೊಸೆ.

"ನಾನ್ ಯಾವ್ ಕಡೀಕ್ ನಿಂತ್ಕಳ್ಲಿ ಸಾ? ಎಡಕ್ ಓದ್ರೆ ಇವ್ರಿಗೆ ಮುದ್ದೆ ಇಲ್ಲ, ಬಲಕ್ ಓದ್ರೆ ನಮ್ಮವ್ವ ಮಾತಾಡ್ಸಾಕಿಲ್ಲ."

ಅಧಿಕಾರಿ ನನ್ನತ್ತ ತಿರುಗಿ, "ನೀವು?" ಅಂದರು.

"ಮುದ್ದೆ ಎಲ್ಲಿರುತ್ತೋ ಅಲ್ಲಿ ಸಾರ್" ಅಂದೆ. ಅವರು ತಲೆ ಚಚ್ಚಿಕೊಂಡು, ಸ್ಥಳಕ್ಕೇ ಬಂದು ನೋಡುತ್ತೇನೆ ಅಂದರು.

ಬಂದವರು ಒಳಗೇ ಉಳಿದದ್ದು

ಕೊಪ್ಪಲು ಕೊನೆಗೆ ನಮ್ಮ ಜೊತೆಯೇ ಉಳಿಯಿತು. ಉಳಿಸಿದ್ದು ಯಾರು ಅನ್ನುವ ಜಗಳ ಇನ್ನೂ ನಡೆದಿದೆ. ನನ್ನ ಪ್ರಕಾರ ಅಧಿಕಾರಿ ಬಂದ ಆ ಸಂಜೆಯೇ ಅದು ತೀರ್ಮಾನವಾಗಿತ್ತು.

ಅವರು ಬಂದದ್ದು ನಾವು ಊರ ಗಡಿ ಕಟ್ಟುವ ದಿನ. ಊರಮ್ಮನ ಹೆಸರಿನಲ್ಲಿ ಊರು, ಕೊಪ್ಪಲು ಎರಡನ್ನೂ ಬಳಸಿ ಅನ್ನ, ಅರಿಶಿನದ ನೀರು ಚೆಲ್ಲುತ್ತಾ ಹೋಗುತ್ತೇವೆ. ಕಟ್ಟಿದ ಮೇಲೆ ಬೆಳಗಿನ ಪೂಜೆಯತನಕ ಒಳಗಿದ್ದವರು ಹೊರಗೆ ಹೋಗುವ ಹಾಗಿಲ್ಲ, ಒಗ್ಗರಣೆಯನ್ನೂ ಹಾಕುವ ಹಾಗಿಲ್ಲ. ಹುಟ್ಟಿದಾಗಿನಿಂದ ನೋಡಿದ್ದೇನೆ. ಆದರೆ ಆ ಸಂಜೆ ಎಲ್ಲ ಬೀದಿಯವರೂ ಬರಿಗಾಲಲ್ಲಿ, ಮಾತಿಲ್ಲದೆ, ಒಬ್ಬರ ಹಿಂದೊಬ್ಬರು ಗದ್ದೆ ಬದುವಿನ ಮೇಲೆ ನಡೆದಾಗ ನನ್ನ ಮೈ ಜುಮ್ಮೆಂದಿತು. ಅಧಿಕಾರಿಯೂ ಬೂಟು ಬಿಚ್ಚಿ ಹಿಂದೆ ಬಂದರು.

ಸುತ್ತು ಮುಗಿದ ಮೇಲೆ ಜೀಪು ಹತ್ತಿದರು. ಡ್ರೈವರ್ ಕೀ ತಿರುಗಿಸಲಿಲ್ಲ. "ಕೆಲ್ಸ ಓದ್ರೆ ಓಗ್ಲಿ ಸಾ. ನಂಗೂ ಎಂಡ್ತಿ ಮಕ್ಳವ್ರೆ. ಗಡಿ ದಾಟಾಕಿಲ್ಲ."

ಬೇರೆ ದಾರಿಯಿಲ್ಲದೆ ಮೆಂಬರಮ್ಮನ ಜಗಲಿಯಲ್ಲಿ ಒಗ್ಗರಣೆಯಿಲ್ಲದ ಸಾರಿನ ಜೊತೆ ಮುದ್ದೆಗೆ ಕೂತರು. ಸ್ವಲ್ಪ ಹೊತ್ತಿಗೆ, "ಈ ಗಡಿಗೆ ಕಲ್ಲಿಲ್ಲ, ನಕ್ಷೆಯಿಲ್ಲ. ದಾಟಿದರೆ ಏನಾಗುತ್ತಮ್ಮಾ?" ಅಂದರು.

"ನಮ್ಗೂ ಗೊತ್ತಿಲ್ಲ ಸಾ" ಅಂದರು ಮೆಂಬರಮ್ಮ, ಸಾರು ಬಡಿಸುತ್ತಾ. "ಇಲ್ಲೀಗಂಟ ಯಾರೂ ದಾಟಿಲ್ಲ. ನಿಮ್ ಗೀಟ್ನ ಮಾತ್ರ ನಮ್ ಕೋಳಿಗ್ಳೂ ದಿನಾ ದಾಟ್ತವೆ."