ಮೂರನೇ ಕೆಂಪು ಗೆರೆ

ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಬಂದವರು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಬೆಳಗ್ಗೆ ಕಾಫಿ ಲೋಟ ಹಿಡಿದು ಒಳಗೆ ಕಾಲಿಟ್ಟರೆ ಸಾಕು, ಏನಾದರೊಂದು ಆಗಿಯೇ ಆಗುತ್ತದೆ. ನನಗಂತೂ ಕೆಲಸ ಸಿಗುವ ಮೊದಲೇ, ತರಬೇತಿಯಲ್ಲೇ ಶುರುವಾಗಿಹೋಯಿತು.

ಸ್ವಾತಂತ್ರ್ಯ ಬಂದು ಹತ್ತು ವರ್ಷ ಆಗಿತ್ತೇನೋ. ನಜರ್‌ಬಾದಿನ ಒಂದು ಹಳೇ ಬಂಗಲೆಯಲ್ಲಿ ದಿಕ್ಕಿಲ್ಲದ ವೃದ್ಧರನ್ನು ಇಟ್ಟುಕೊಂಡು ಸಾಕುತ್ತಿದ್ದರು. ಅಲ್ಲೇ ನಾವು ಆರು ಜನ ಹುಡುಗಿಯರಿಗೆ ಆರು ತಿಂಗಳ ತರಬೇತಿ. ಪಾಸಾದರೆ ಅಲ್ಲೇ ಕೆಲಸ, ಇರುವುದಕ್ಕೊಂದು ಕೋಣೆ. ಇಲ್ಲವಾದರೆ ಕಡಕೊಳದ ಹತ್ತಿರದ ನಮ್ಮೂರಿಗೆ ವಾಪಸ್ಸು. ಅಲ್ಲಿ ನಮ್ಮಣ್ಣ ನನಗೊಂದು ಗಂಡು ನೋಡಿಟ್ಟಿದ್ದ. ಎರಡನೇ ಸಂಬಂಧ, ನನಗಿಂತ ಇಪ್ಪತ್ತೈದು ವರ್ಷಕ್ಕೆ ದೊಡ್ಡವನು.

"ಫೇಲಾದ್ಯೋ, ಬರೋ ಲಗ್ನಕ್ಕೆ ತಾಳಿ ಕಟ್ಟಿಸಿಬುಡ್ತೀನಿ" ಅಂದಿದ್ದ ಅಣ್ಣ.

"ಮುದುಕರನ್ನ ನೋಡ್ಕೊಳ್ಳೋದೇ ನನ್ನ ಹಣೇಲಿ ಬರೆದಿದ್ರೆ ಸರ್ಟಿಫಿಕೇಟ್ ತಗೊಂಡೇ ನೋಡ್ಕೋತೀನಿ ಬುಡಣ್ಣ" ಅಂದು ಬಸ್ಸು ಹತ್ತಿದೆ. ಬಾಯಲ್ಲಿ ಅಷ್ಟು ಜಂಬ, ಎದೆಯಲ್ಲಿ ಮಾತ್ರ ಪುಕಪುಕ.

ನಮಗೆ ಕಲಿಸುತ್ತಿದ್ದವರು ದೊಡ್ಡ ಸಿಸ್ಟರು. ತಪ್ಪು ಮಾಡಿದರೆ ತಮ್ಮ ಪುಸ್ತಕದಲ್ಲಿ ನಮ್ಮ ಹೆಸರಿನ ಮುಂದೆ ಒಂದು ಕೆಂಪು ಗೆರೆ ಎಳೆಯುತ್ತಿದ್ದರು. ಮೂರು ಗೆರೆ ಬಿದ್ದರೆ ಗಂಟುಮೂಟೆ ಕಟ್ಟಬೇಕು.

೧. ಮಾತೇ ಆಡದ ಹೊಸಬ

ಮೊದಲನೇ ತಿಂಗಳು ನಮ್ಮ ಕೈಗೆ ಜೀವಂತ ಮನುಷ್ಯರನ್ನು ಕೊಡಲಿಲ್ಲ. ಹುಲ್ಲು, ಮರಳು ತುಂಬಿ ಹೊಲಿದ ಒಂದು ಆಳುದ್ದದ ಬೊಂಬೆ ಕೊಟ್ಟರು. ಅದಕ್ಕೆ ಪಂಚೆ, ಬನಿಯನ್ನು, ತಲೆಗೊಂದು ಮಫ್ಲರ್ರು. ಅದನ್ನು ಎತ್ತಬೇಕು, ಕೂರಿಸಬೇಕು, ಮಗ್ಗುಲು ಬದಲಾಯಿಸಬೇಕು. ದೊಡ್ಡ ಸಿಸ್ಟರು ಹಿಂದೆ ನಿಂತು ಕೂಗುತ್ತಲೇ ಇರುತ್ತಿದ್ದರು: "ಮೊಣಕಾಲು ಬಗ್ಗಿಸೇ! ಬೆನ್ನಲ್ಲ, ಮೊಣಕಾಲು!"

ಒಂದು ಮಧ್ಯಾಹ್ನ ಊಟದ ಗಂಟೆ ಹೊಡೆಯಿತು. ನನಗೆ ಹಸಿವು ತಡೆಯದು. ಬೊಂಬೆಯನ್ನು ಬೀರುವಿಗೆ ಸೇರಿಸದೆ ಖಾಲಿ ಮಂಚದ ಮೇಲೆ ಮಲಗಿಸಿ, ಕಂಬಳಿ ಹೊದಿಸಿ ಓಡಿಬಿಟ್ಟೆ. ಊಟ ಮುಗಿಸಿ ಬಂದು ನೋಡಿದರೆ ನಮ್ಮಲ್ಲಿದ್ದ ರಿಟೈರ್ಡ್ ಮೇಷ್ಟ್ರು ಆ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತಿದ್ದಾರೆ! ಅವರಿಗೆ ಕಣ್ಣು ಮಂಜು. ತಮ್ಮ ಸರ್ವೀಸಿನ ಕಥೆ ಶುರುಮಾಡಿ ಆಗಲೇ ಮೂರನೇ ಟ್ರಾನ್ಸ್‌ಫರಿಗೆ ಬಂದಿದ್ದರು. ಬಾಗಿಲಲ್ಲಿ ದೊಡ್ಡ ಸಿಸ್ಟರು ನಿಂತಿದ್ದರು. ನನಗೆ ಮೊದಲನೇ ಕೆಂಪು ಗೆರೆ ಬಿತ್ತು.

"ಮೇಷ್ಟ್ರೇ, ತಪ್ಪಾಯ್ತು, ಅದು ಬೊಂಬೆ ಕಣ್ರೀ" ಅಂದೆ.

ಮೇಷ್ಟ್ರು ಬೊಂಬೆಯನ್ನು ಒಮ್ಮೆ ಮುಟ್ಟಿ ನೋಡಿದರು. ಆಮೇಲೆ ನಿಟ್ಟುಸಿರು ಬಿಟ್ಟು ಹೇಳಿದರು: "ಇರಲಿ ಬಿಡಮ್ಮ. ಈ ಮನೇಲಿ ನನ್ನ ಮಾತನ್ನ ಮಧ್ಯದಲ್ಲಿ ಎದ್ದುಹೋಗದೆ ಕೇಳಿದೋನು ಇವನೊಬ್ಬನೇ. ನಾಳೇನೂ ಇಲ್ಲೇ ಮಲಗಿಸು."

೨. ಎಂಜಲು

ಎರಡನೇ ತಿಂಗಳು ಥರ್ಮಾಮೀಟರ್ ಕೈಗೆ ಬಂತು. ನನ್ನ ಪಾಲಿಗೆ ಬಿದ್ದವರು ಮಡಿ ಅಜ್ಜಿ. ಸ್ನಾನ ಮಾಡಿ ಒದ್ದೆ ಸೀರೆ ಉಟ್ಟರೆ ಊಟ ಮುಗಿಯುವ ತನಕ ಯಾರೂ ಅವರನ್ನು ಮುಟ್ಟುವ ಹಾಗಿಲ್ಲ. ಜ್ವರ ನೋಡುವ ಹೊತ್ತೂ ಅದೇ.

ನಾನು ದೂರದಿಂದಲೇ ಥರ್ಮಾಮೀಟರ್ ಚಾಚಿ, "ಬಾಯಲ್ಲಿ ಇಟ್ಕೊಳ್ಳಿ ಅಜ್ಜಿ" ಅಂದೆ.

"ಇದು ಇವತ್ತು ಯಾರ್ಯಾರ ಬಾಯಿಗೆ ಹೋಗಿತ್ತು?"

"ಎಲ್ಲರ ಬಾಯಿಗೂ. ಆದ್ರೆ ಸ್ಪಿರಿಟ್ಟಲ್ಲಿ ತೊಳೆದಿದೀನಿ."

"ಅದೆಂಥದೇ ಸ್ಪಿರಿಟ್ಟು? ವಾಸನೆ ನೋಡಿದ್ರೆ ಹೆಂಡ ಇದ್ದಂಗಿದೆ!"

"ಹೆಚ್ಚೂ ಕಮ್ಮಿ ಅದೇ ಜಾತಿ ಅಜ್ಜಿ" ಅಂದೆ. ಸುಳ್ಳು ಹೇಳಬಾರದು ಅಂತ ನಮಗೆ ಪಾಠ ಆಗಿತ್ತು.

ಅಜ್ಜಿ ಎರಡೂ ಕಿವಿ ಮುಚ್ಚಿಕೊಂಡರು. "ಶಿವ ಶಿವಾ! ಹತ್ತು ಜನರ ಎಂಜಲನ್ನ ಹೆಂಡದಲ್ಲಿ ತೊಳೆದು ನನ್ನ ಬಾಯಿಗೆ ಇಡೋಕೆ ಬಂದ್ಯಾ? ಹೋಗಾಚೆ!"

ಕೊನೆಗೆ ಒಂದು ಒಪ್ಪಂದ ಮಾಡಿಕೊಂಡೆವು. ಥರ್ಮಾಮೀಟರ್ ಅಲ್ಲೇ ಕೂತಿರುತ್ತದೆ. ಅಜ್ಜಿ ತಮ್ಮ ಹಣೆಯನ್ನು ತಾವೇ ಮುಟ್ಟಿ ನೋಡಿ, ತಮ್ಮ ನಾಡಿಯನ್ನು ತಾವೇ ಎಣಿಸಿ ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಹದಿನೈದು ದಿನ ಆದಮೇಲೆ ದೊಡ್ಡ ಸಿಸ್ಟರು ನನ್ನ ಚಾರ್ಟು ಹಿಡಿದುಕೊಂಡು ಬಂದರು. ಹದಿನೈದು ದಿನವೂ ನಾಡಿ ಎಪ್ಪತ್ತೆರಡು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ನನಗೆ ಎರಡನೇ ಗೆರೆ ಬಿತ್ತು. ಆ ಎರಡನೇ ಸಂಬಂಧದ ಗಂಡು ಕಣ್ಣ ಮುಂದೆ ಬಂದು ಮೀಸೆ ತಿರುವಿದ ಹಾಗಾಯಿತು. ನಾನು ಅಳುವುದನ್ನು ನೋಡಿ ಮಡಿ ಅಜ್ಜಿ ಸಿಸ್ಟರ ಮೇಲೇ ರೇಗಿದರು.

"ಮಗೂನ ಯಾಕ್ರೀ ಬೈತೀರಾ? ನಲವತ್ತು ವರ್ಷ ಸಾರಿಗೆ ಉಪ್ಪು ಹಾಕಿದೀನಿ, ಒಂದು ದಿನ ಅಳತೆ ತಪ್ಪಿಲ್ಲ. ನಾಡಿ ತಪ್ಪುತ್ತಾ?"

೩. ಬೆನ್ನು ತೋರಿಸದ ಅಜ್ಜಿ

ಆಮೇಲೆ ನನ್ನನ್ನು ಅರಮನೆ ಅಜ್ಜಿಯ ಕೋಣೆಗೆ ಹಾಕಿದರು. ಹೆಸರೇ ಹೇಳುವ ಹಾಗೆ, ಅವರು ಹತ್ತು ವರ್ಷದ ಹುಡುಗಿಯಾಗಿದ್ದಾಗಿನಿಂದ ಅರಮನೆಯ ಒಳಗೆ ಹೆಂಗಸರ ಊಳಿಗ ಮಾಡಿದವರು. ದೊಡ್ಡವರ ಮುಂದೆ ಕೂರಬಾರದು, ಹೊರಡುವಾಗ ಬೆನ್ನು ತೋರಿಸಬಾರದು. ಈ ಅಭ್ಯಾಸ ಎಂಬತ್ತಕ್ಕೂ ಬಿಟ್ಟಿರಲಿಲ್ಲ. ದೊಡ್ಡ ಸಿಸ್ಟರು ಒಳಗೆ ಬಂದರೆ ಅಜ್ಜಿ ಧಡಕ್ಕನೆ ಎದ್ದು, ಕೈಮುಗಿದು, ಹಿಂದಕ್ಕೆ ಹಿಂದಕ್ಕೆ ನಡೆದು ಹೊರಗೆ ಹೋಗಿಬಿಡುತ್ತಿದ್ದರು. ಅದೂ ತಮ್ಮ ಕೋಣೆಯಿಂದಲೇ!

"ಅವರು ಬರೀ ಸಿಸ್ಟರು ಕಣಜ್ಜಿ" ಅಂದರೆ, "ನಂಗೇನು ಗೊತ್ತಿಲ್ವಾ ಕೂಸೇ? ಈ ಮೈ ಕೇಳ್ಬೇಕಲ್ಲ" ಅನ್ನುತ್ತಿದ್ದರು.

ಬಾಗಿಲಲ್ಲಿ ಗೇಣೆತ್ತರದ ಹಳೇ ಕಾಲದ ಹೊಸ್ತಿಲು. ಅಲ್ಲಿ ಎಡವುತ್ತಾರಲ್ಲ ಅಂತ ನನಗೆ ದಿಗಿಲು. ಬೇರೆ ಹುಡುಗಿಯರು ತಮ್ಮ ಅಜ್ಜಿಯರನ್ನು ಮುಂದೆ ನಿಂತು ಕೈಹಿಡಿದು ನಡೆಸಿದರೆ, ನಾನು ಎರಡೂ ಕೈ ಚಾಚಿಕೊಂಡು ಇವರ ಹಿಂದೆ ಓಡುತ್ತಿದ್ದೆ. "ಹೊಸ್ತಿಲು, ಅಜ್ಜಿ" ಅಂದರೆ ಸಾಕು, ತಿರುಗಿ ನೋಡದೆ ಕಾಲೆತ್ತಿ ದಾಟುತ್ತಿದ್ದರು.

ನಾನು ಅವರ ಸೇವೆ ಮಾಡಿದ್ದಕ್ಕಿಂತ ಅವರು ನನಗೆ ಕಲಿಸಿದ್ದೇ ಹೆಚ್ಚು. ಲೋಟ ಸದ್ದಾಗದ ಹಾಗೆ ಇಡುವುದು, ಬಾಯಾರಿಕೆ ಆದವರ ಮುಖ ನೋಡಿಯೇ ನೀರು ತರುವುದು. ನನಗೆ ತಾಯಿ ಇರಲಿಲ್ಲ. ದಿನಾ ಸಂಜೆ ಅಜ್ಜಿಯೇ ನನ್ನ ತಲೆ ಬಾಚಿ ಜಡೆ ಹಾಕುತ್ತಿದ್ದರು. ರೋಗಿ ಕೈಲಿ ಜಡೆ ಹಾಕಿಸಿಕೊಂಡು ಟ್ರೈನಿಂಗ್ ಮಾಡಿದವಳು ಇಡೀ ಮೈಸೂರಿಗೆ ನಾನೊಬ್ಬಳೇ ಇರಬೇಕು.

೪. ಪರೀಕ್ಷೆ

ಪರೀಕ್ಷೆ ಮಾಡಲು ಹೊರಗಿನಿಂದ ಲೇಡಿ ಡಾಕ್ಟರು ಬರುವವರಿದ್ದರು. ಮೇಲೇಳಲಾಗದ ರೋಗಿಯನ್ನು ಮಂಚದಿಂದ ಎತ್ತಿ ಕುರ್ಚಿಯಲ್ಲಿ ಕೂರಿಸಿ, ಗಂಜಿ ಕುಡಿಸಿ ತೋರಿಸಬೇಕು. ನನಗೆ ರೋಗಿಯಾಗಬೇಕಿದ್ದವರು ಅರಮನೆ ಅಜ್ಜಿಯೇ, ಬೆಳಗ್ಗೆಯಿಂದ ಅವರ ಕಾಲು ಹಿಡಿದುಕೊಂಡಿದ್ದೆ.

"ಅಜ್ಜಿ, ಇವತ್ತೊಂದಿನ ನಿಮ್ಮ ಕೈಕಾಲು ಆಡಲ್ಲ ಅಂದ್ಕೊಳ್ಳಿ. ಯಾರೇ ಬರ್ಲಿ, ಏಳಬೇಡಿ. ಇದು ಕೆಟ್ರೆ ಮೂರನೇ ಗೆರೆ, ನಮ್ಮಣ್ಣ ಮದ್ವೆ ಮಾಡ್ಬುಡ್ತಾನೆ."

"ಆಗ್ಲಿ ಮಗಾ, ಹೆಣದಂಗೆ ಬಿದ್ಕೊಂಡಿರ್ತೀನಿ" ಅಂದರು.

ಡಾಕ್ಟರು ಬಂದರು. ಬಾಗಿಲ ತುಂಬ ಇದ್ದರು. ಜರಿ ಸೀರೆ, ಮೂಗುಬಟ್ಟು, ಗಂಭೀರವಾದ ನಡಿಗೆ. ಅಜ್ಜಿ ಒಂದು ಕಣ್ಣು ತೆರೆದು ನೋಡಿದರು. ಅಷ್ಟೇ, ಎದ್ದೇಬಿಟ್ಟರು!

ನಾನು "ಅಜ್ಜೀ!" ಅನ್ನುವಷ್ಟರಲ್ಲಿ ಅಜ್ಜಿ ಕುರ್ಚಿ ಒರೆಸಿ, ಡಾಕ್ಟರನ್ನು ಕೂರಿಸಿ, ಬೆನ್ನಿಗೆ ದಿಂಬು ಕೊಟ್ಟು, ಕಾಲಡಿಗೆ ಮಣೆ ಇಟ್ಟಾಗಿತ್ತು. ತಮಗೆಂದು ಇಟ್ಟಿದ್ದ ಗಂಜಿಯನ್ನು ಅವರ ಕೈಗೆ ಕೊಟ್ಟರು. ಕೊಟ್ಟ ರೀತಿ ಹೇಗಿತ್ತೆಂದರೆ ಡಾಕ್ಟರು ತುಟಿಪಿಟಕ್ಕೆನ್ನದೆ ಕುಡಿದುಬಿಟ್ಟರು. ಅಜ್ಜಿ ಅವರ ಬಾಯಿ ಒರೆಸಿದರು. ದೊಡ್ಡ ಸಿಸ್ಟರು ಕೆಂಪು ಪೆನ್ನಿನ ಮುಚ್ಚಳ ತೆಗೆದರು. ನನ್ನ ಕಥೆ ಮುಗಿಯಿತು ಅಂದುಕೊಂಡೆ.

ಅಜ್ಜಿ ಕೈಮುಗಿದರು. "ಇವಳನ್ನ ಊರಿಗೆ ಕಳಿಸಬೇಡಿ ತಾಯೀ. ತಾಯಿಲ್ಲದ ಕೂಸು. ಇವಳು ಹಿಂದೆ ಇದ್ದಾಳೆ ಅನ್ನೋ ಧೈರ್ಯದ ಮೇಲೆ ನಾನು ನಡೆದಾಡ್ತಿದೀನಿ."

ಡಾಕ್ಟರ ಕಣ್ಣಲ್ಲಿ ನೀರಾಡಿತು. ಎದ್ದು ಅವರೂ ಕೈಮುಗಿದರು. ಅಂಥ ಅಜ್ಜಿಗೆ ಬೆನ್ನು ತಿರುಗಿಸಿ ಹೋಗಲು ಅವರಿಗೂ ಮನಸ್ಸು ಬರಲಿಲ್ಲವೋ ಏನೋ, ಕೈಮುಗಿದುಕೊಂಡೇ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಟ್ಟರು.

"ಹೊಸ್ತಿಲು, ಮೇಡಂ!" ಅಂತ ಕೂಗಿ ಅವರ ಬೆನ್ನ ಹಿಂದಕ್ಕೆ ಹಾರಿದೆ. ಅಷ್ಟರಲ್ಲಿ ಹಿಮ್ಮಡಿ ತಗುಲಿ ಇಡೀ ಡಾಕ್ಟರು ನನ್ನ ಮೇಲೆ ವಾಲಿದರು. "ಮೊಣಕಾಲು!" ಅಂತ ದೊಡ್ಡ ಸಿಸ್ಟರು ಕಿರುಚಿದರು. ನಾನು ಮೊಣಕಾಲು ಬಗ್ಗಿಸಿ, ಕಂಕುಳಿಗೆ ಕೈಕೊಟ್ಟು, ಬೊಂಬೆಯನ್ನು ಎತ್ತಿದ ಹಾಗೆ ಎತ್ತಿ ತಂದು ಕುರ್ಚಿಯಲ್ಲಿ ಕೂರಿಸಿದೆ.

ಡಾಕ್ಟರು ಸುಧಾರಿಸಿಕೊಂಡು ಕಾಗದ ತರಿಸಿ, "ಪಾಸು" ಅಂತ ಬರೆದರು.

"ರೋಗೀನ ಇನ್ನೂ ಎತ್ತೇ ಇಲ್ವಲ್ಲ ಡಾಕ್ಟ್ರೇ?" ಅಂದರು ಸಿಸ್ಟರು.

"ನನ್ನನ್ನ ಎತ್ತಿದಳಲ್ಲ! ನಾನು ಮೂರು ಅಜ್ಜಿಗೆ ಸಮ ಇದೀನಿ ಕಣ್ರೀ."

ನಾನು ಅಳುತ್ತಾ ನಗುತ್ತಾ ಅಜ್ಜಿಯನ್ನು ತಬ್ಬಿಕೊಂಡೆ. ಅಜ್ಜಿ ನನ್ನ ಭುಜದ ಮೇಲಿಂದ ಡಾಕ್ಟರನ್ನೇ ನೋಡುತ್ತಾ ದೊಡ್ಡ ಸಿಸ್ಟರಿಗೆ ಮೆಲ್ಲಗೆ ಹೇಳಿದರು: "ಹಿಂದಕ್ಕೆ ನಡೆಯೋದು ಪಾಪ ಅವರಿಗಿನ್ನೂ ಬರಲ್ಲ. ಒಂದು ಆರು ತಿಂಗಳು ನನ್ನ ಹತ್ರ ಬಿಡಿ, ಕಲಿಸಿ ಕಳಿಸ್ತೀನಿ."