ಸಿಂಹಕ್ಕಿಂತ ಮೊದಲು ಸೂಜಿ

ಧೈರ್ಯವಂತ ಎನ್ನಿಸಿಕೊಳ್ಳುವುದು ಕಷ್ಟದ ಕೆಲಸವೇನಲ್ಲ. ಊರು ಬಿಟ್ಟು ಹೋಗದಿದ್ದರೆ ಸಾಕು. ಬ್ರಹ್ಮಾವರದಲ್ಲಿ ಹೈಸ್ಕೂಲು ವಿಜ್ಞಾನ ಮೇಷ್ಟ್ರಾಗಿ ನಿವೃತ್ತನಾಗುವವರೆಗೂ ನನ್ನ ಧೈರ್ಯದ ಬಗ್ಗೆ ಯಾರಿಗೂ ಸಂಶಯ ಬಂದಿರಲಿಲ್ಲ, ನನಗೂ ಕೂಡ. ಲಸಿಕೆಯ ಪಾಠವನ್ನಂತೂ ಎಷ್ಟು ಚೆನ್ನಾಗಿ ಮಾಡುತ್ತಿದ್ದೆನೆಂದರೆ, ಹಿಂದಿನ ಬೆಂಚಿನವರೂ ಆಕಳಿಸುವುದನ್ನು ಮರೆತು ಕೇಳುತ್ತಿದ್ದರು.

ನನ್ನ ಹೆಂಡತಿ ವಾರಿಜಳ ತಮ್ಮ ಶ್ರೀಧರ ನೈರೋಬಿಯಲ್ಲಿ ಹೋಟೆಲು ನಡೆಸುತ್ತಾನೆ. ಅಕ್ಕ ಒಮ್ಮೆಯೂ ತನ್ನ ಮನೆಗೆ ಬಂದಿಲ್ಲವೆಂಬುದು ಅವನಿಗೆ ಬಹಳ ವರ್ಷಗಳ ಕೊರಗು. ಈ ಸಲ ಹಠ ಹಿಡಿದು ಫೋನು ಮಾಡಿದ. "ಭಾವ, ನೆಪ ಹೇಳ್ಬೇಡಿ. ಅಕ್ಕನ್ನ ಕರ್ಕಂಡ್ ಬನ್ನಿ. ಇಲ್ಲ್ ಸಿಂಹ ಕಾಂಬುಕೆ ಹೋಪ." ನಾನು ಗಂಭೀರವಾಗಿ ಒಪ್ಪಿಕೊಂಡೆ. ಸಿಂಹ ಜೀಪಿನ ಹೊರಗಿರುತ್ತದೆ, ನಾವು ಒಳಗಿರುತ್ತೇವೆ. ಅದರಲ್ಲಿ ಹೆದರುವುದೇನು? ಆದರೆ ಫೋನು ಇಡುವ ಮೊದಲು ಅವನು ಇನ್ನೊಂದು ಮಾತು ಸೇರಿಸಿದ. ಹಳದಿ ಜ್ವರದ ಇಂಜೆಕ್ಷನ್ ಕಡ್ಡಾಯ. ಹೊರಡುವುದಕ್ಕೆ ಹತ್ತು ದಿನವಾದರೂ ಮೊದಲು ಆಗಿರಬೇಕು. ಮಲೇರಿಯಾಕ್ಕೆ ಮಾತ್ರೆಯನ್ನೂ ಡಾಕ್ಟರರ ಹತ್ತಿರವೇ ಕೇಳಬೇಕು.

ಅಂದಿನಿಂದ ನನ್ನ ನೆಮ್ಮದಿ ಹೋಯಿತು. ಮೊಬೈಲಿನಲ್ಲಿ ಓದಿದೆ. ಓದಿದ ಮೇಲೆ ಇನ್ನಷ್ಟು ಓದಿದೆ. ಅರವತ್ತು ದಾಟಿದವರಿಗೆ ಈ ಲಸಿಕೆಯಿಂದ ಅಪರೂಪಕ್ಕೆ ತೊಂದರೆಯಾಗಬಹುದು ಎಂದಿತ್ತು. ನನಗೆ ಅರವತ್ತು ದಾಟಿದೆ. ಲಸಿಕೆ ಹಾಕಿಸದೆ ಹೋದರೆ ಹಳದಿ ಜ್ವರವೇ ಬರಬಹುದು ಎಂದೂ ಇತ್ತು. ಒಟ್ಟಿನಲ್ಲಿ ಸಾವು ಎರಡು ಬಾಗಿಲಲ್ಲೂ ನಿಂತಿದೆ, ಯಾವ ಬಾಗಿಲು ತೆರೆಯಬೇಕೆಂದು ನಾನೇ ಆರಿಸಬೇಕು ಎಂಬಂತಾಯಿತು. ಪಕ್ಕದ ಮನೆಯ ಮಂಜಯ್ಯ ಶೆಟ್ಟರನ್ನು ಕೇಳಿದೆ. ಅವರು ಬೊಂಬಾಯಿಯಲ್ಲಿ ಹೋಟೆಲು ನಡೆಸಿ ಬಂದವರು, ಲೋಕ ಕಂಡವರು. "ಎಂತ ಮೇಷ್ಟ್ರೆ, ಒಂದ್ ಸೂಜಿ ಚುಚ್ಚಿಸ್ಕಂಬುಕೆ ಇಷ್ಟ್ ಆಲೋಚ್ನೆಯಾ?" ಎಂದು ಅವರು ಎಲೆಗೆ ಸುಣ್ಣ ಸವರತೊಡಗಿದರು.

ಕೊನೆಗೆ ವಾರಿಜ ನನ್ನನ್ನು ಮಂಗಳೂರಿನ ಲಸಿಕೆ ಕೇಂದ್ರಕ್ಕೆ ಹೊರಡಿಸಿಕೊಂಡು ಹೋದಳು. ಅಲ್ಲಿದ್ದದ್ದು ನನ್ನ ಮಗಳ ವಯಸ್ಸಿನ ಡಾಕ್ಟರು. "ಮೊಟ್ಟೆ ತಿಂದರೆ ಅಲರ್ಜಿ ಆಗುತ್ತದಾ ಸಾರ್?" ಎಂದು ಕೇಳಿದರು. ಈ ಲಸಿಕೆಯನ್ನು ಮೊಟ್ಟೆಯಲ್ಲಿ ಬೆಳೆಸುತ್ತಾರಂತೆ, ಅಲರ್ಜಿ ಇದ್ದವರಿಗೆ ಕೊಡಬಾರದಂತೆ. ಕತ್ತಲಲ್ಲಿ ದೀಪ ಕಂಡ ಹಾಗಾಯಿತು ನನಗೆ. ನಮ್ಮದು ಸಾಲಿಗ್ರಾಮದ ಕಡೆಯ ವೈದಿಕರ ಮನೆತನ. "ಮೊಟ್ಟೆ ನಾನು ಮುಟ್ಟಿಯೇ ಇಲ್ಲ. ಅಲರ್ಜಿ ಇದೆಯೋ ಇಲ್ಲವೋ ಗೊತ್ತಾಗುವುದು ಹೇಗೆ? ಸುಮ್ಮನೆ ಯಾಕೆ ಅಪಾಯ?" ಎಂದು ಅರ್ಧ ಎದ್ದೇಬಿಟ್ಟೆ.

"ಎಂತ ಹೇಳ್ತ್ರಿ?" ಎಂದಳು ವಾರಿಜ. "ನಿಮ್ಮ್ ಶಾಲೆಯ ಫಿಲೋಮಿನಾ ಟೀಚರ್ ಕ್ರಿಸ್‌ಮಸ್ಸಿಗೆ ಕೇಕ್ ಕೊಡ್ತಿರ್ಲಿಲ್ಯಾ? ಪ್ರತಿ ವರ್ಷ ಎರಡೆರಡ್ ತುಂಡ್ ತಿಂತಿದ್ರಿ."

"ಅದು ಮೊಟ್ಟೆ ಹಾಕದ ಕೇಕು."

"ಯಾರ್ ಹೇಳ್ರ್ ನಿಮ್ಗೆ?"

ಯಾರೂ ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ. ಡಾಕ್ಟರು ನಗು ತಡೆದುಕೊಂಡು, "ಅಷ್ಟು ವರ್ಷ ತಿಂದು ಏನೂ ಆಗಿಲ್ಲವೆಂದರೆ ಒಳ್ಳೆಯದೇ" ಎಂದರು. ಒಂದೇ ನಿಮಿಷದಲ್ಲಿ ನನ್ನ ಮಡಿಯೂ ಹೋಯಿತು, ತಪ್ಪಿಸಿಕೊಳ್ಳುವ ದಾರಿಯೂ ಹೋಯಿತು.

ಆಮೇಲೆ ವಯಸ್ಸಿನ ಮಾತೆತ್ತಿದೆ. ಅವರು ರಕ್ತದೊತ್ತಡ ನೋಡಿದರು, ಹಳೆಯ ಕಾಯಿಲೆಗಳನ್ನೆಲ್ಲ ವಿಚಾರಿಸಿದರು. "ಅಪಾಯ ಇಲ್ಲವೇ ಇಲ್ಲ ಅನ್ನಲಾರೆ, ಆದರೆ ಬಹಳ ಅಪರೂಪ. ನೀವು ಗಟ್ಟಿಮುಟ್ಟಾಗಿದ್ದೀರಿ, ನನ್ನ ಪ್ರಕಾರ ಹಾಕಿಸಿಕೊಳ್ಳಬಹುದು. ನಿರ್ಧಾರ ನಿಮ್ಮದು" ಎಂದರು. ಬೇಡ ಎಂದಿದ್ದರೆ ಅವರಿಗೆ ಕೈಮುಗಿಯುತ್ತಿದ್ದೆ. ಹಾಕಿಸಲೇಬೇಕು ಎಂದಿದ್ದರೆ ಕಣ್ಣುಮುಚ್ಚಿ ತೋಳು ಚಾಚುತ್ತಿದ್ದೆನೋ ಏನೋ. ನಿರ್ಧಾರ ನಿಮ್ಮದು ಎಂದರೆ ಏನು ಮಾಡುವುದು? ಮನೆಯಲ್ಲಿ ಸಾಂಬಾರಿಗೆ ಯಾವ ತರಕಾರಿ ಎಂಬುದನ್ನೂ ನಾನು ನಿರ್ಧರಿಸಿದವನಲ್ಲ. "ಯೋಚಿಸಿ ಬರುತ್ತೇನೆ" ಎಂದೆ.

ವಾರಿಜ ಯೋಚಿಸಲಿಲ್ಲ. ಸೆರಗು ಸರಿಸಿ ತೋಳು ಕೊಟ್ಟಳು. ಊರಿಗೆ ಮರಳುವ ಬಸ್ಸಿನಲ್ಲಿ ಸೀಟಿರಲಿಲ್ಲ. ಸೂಜಿ ಚುಚ್ಚಿಸಿಕೊಂಡವಳು ಕಂಬಿ ಹಿಡಿದು ನೆಟ್ಟಗೆ ನಿಂತಿದ್ದಳು. ನನ್ನ ಬಿಳಿಚಿದ ಮುಖ ನೋಡಿ ಕಂಡಕ್ಟರು ಯಾರನ್ನೋ ಎಬ್ಬಿಸಿ ನನ್ನನ್ನು ಕೂರಿಸಿದ.

ನಾನು ಯೋಚಿಸುತ್ತಲೇ ಇದ್ದೆ. ಒಂದು ವಾರ ನೆಗಡಿಯ ನೆಪ, ಇನ್ನೊಂದು ವಾರ ತಿಥಿಯ ನೆಪ. ಆ ಹತ್ತು ದಿನದ ಅವಧಿ ಮೀರಿದ ದಿನ ಹೇಳಲಾಗದಷ್ಟು ಹಗುರವಾಯಿತು ಮನಸ್ಸು. ಪ್ರವಾಸವೇ ರದ್ದಾಯಿತೆಂದು ತಿಳಿದಿದ್ದೆ. ವಾರಿಜ ಅಟ್ಟದಿಂದ ಪೆಟ್ಟಿಗೆ ಇಳಿಸಿ ಒರೆಸುತ್ತಿದ್ದಳು.

"ಒಬ್ಬಳೇ ಹೋಗ್ತೀಯಾ?"

"ತಮ್ಮನ್ ಮನಿಗಲ್ದಾ? ಹೋಯಿ ಬತ್ತೆ. ನೀವ್ ಹುಷಾರಂಗ್ ಇರಿ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು. ಅವಳು ಹೋದಳು. ನಾನು ಗಂಜಿ, ಉಪ್ಪಿನಕಾಯಿ ಉಣ್ಣುತ್ತ, ಮೊಬೈಲಿನಲ್ಲಿ ಬಂದ ಚಿತ್ರ ನೋಡಿದೆ. ಟೊಪ್ಪಿ ಹಾಕಿಕೊಂಡು ಜೀಪಿನಲ್ಲಿ ನಿಂತಿದ್ದಾಳೆ, ಹಿಂದೆ ಹುಲ್ಲಿನಲ್ಲಿ ಸಿಂಹ ಮಲಗಿದೆ. ಮದುವೆಯಾದಂದಿನಿಂದ ಅವಳು ಅಷ್ಟು ಬಾಯ್ತುಂಬ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಆ ಗಳಿಗೆಯಲ್ಲಿ ಪಕ್ಕದಲ್ಲಿರಬೇಕಾದವನು ಇಲ್ಲಿ ತಟ್ಟೆಯ ಮುಂದೆ ಕುಳಿತಿದ್ದ. ಗಂಜಿ ಆರಿಹೋಯಿತು.

ಅವಳು ತಿರುಗಿ ಬಂದ ಮೇಲೆ ಶೆಟ್ಟರು ಹೆಂಡತಿಯೊಂದಿಗೆ ಸುದ್ದಿ ಕೇಳಲು ಬಂದರು. ಸಿಂಹದ ಕಥೆಯೆಲ್ಲ ಮುಗಿದ ಮೇಲೆ ನಾನು ಹೆದರಿದ್ದ ಪ್ರಶ್ನೆಯನ್ನು ಶೆಟ್ಟರೇ ಕೇಳಿದರು. "ಮೇಷ್ಟ್ರ್ ಎಂತಕೆ ಹೋಯ್ಲಿಲ್ಲೆ?"

ವಾರಿಜ ಚಹಾದ ಲೋಟ ಇಡುತ್ತ, ನನ್ನ ಕಡೆ ನೋಡದೆ ಹೇಳಿದಳು. "ಇವ್ರಿಗೆ ಹೋಪುಕೆ ಮನಸ್ಸಿತ್ತ್. ಡಾಕ್ಟ್ರೇ ಬ್ಯಾಡ ಅಂದ್ರ್."

ಶೆಟ್ಟರು ಮರುಕದಿಂದ ನನ್ನತ್ತ ತಿರುಗಿದರು. ನಾನು ಎದೆಯ ಮೇಲೆ ಕೈಯಿಟ್ಟು ಎರಡು ಸಲ ಕೆಮ್ಮಿದೆ.