ಗುಂಡುಕಲ್ಲು ಕೂತ ರಾಕಿಂಗ್ ಚೇರ್

ದಿನಾ ಕಣ್ಣಿಗೆ ಬೀಳುವ ಎಷ್ಟೋ ವಸ್ತುಗಳ ಹಿಂಭಾಗ ಹೇಗಿದೆ ಎಂದು ಯಾರಾದರೂ ಕೇಳಿಬಿಟ್ಟರೆ ಬಾಯಿ ಕಟ್ಟುತ್ತದೆ. ನನಗೆ ಹಾಗಾದದ್ದು ಒಂದು ಕುರ್ಚಿಯ ವಿಷಯದಲ್ಲಿ. ಬೆಳಗಾವಿಯ ಕಾನ್ವೆಂಟಿನಲ್ಲಿ ಕಪ್ಪು ನಿಲುವಂಗಿಯ, ದುಂಡನೆಯ ನಮ್ಮ ಮದರ್ ಸುಪೀರಿಯರ್ ರಾಕಿಂಗ್ ಚೇರ್‌ನಲ್ಲಿ ಹಿಂದೆ ಮುಂದೆ ತೂಗುತ್ತ ನಮಗೆ ಯಾವ ಪನಿಶ್‌ಮೆಂಟ್ ಕೊಡಬೇಕೆಂದು ಯೋಚಿಸುತ್ತಿದ್ದರು. ಎದುರಿಗೆ ನಿಂತ ನಾನು ಪಶ್ಚಾತ್ತಾಪ ಪಡುವುದು ಬಿಟ್ಟು, ಎಂದಾದರೂ ಇಂಥದ್ದರಲ್ಲಿ ಕೂರಲೇಬೇಕು ಎಂದುಕೊಳ್ಳುತ್ತಿದ್ದೆ.

ಮದುವೆಯಾಗಿ ದಾಂಡೇಲಿಗೆ ಬಂದಾಗ ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮವರಿಗೆ ಕಾಗದದ ಕಾರ್ಖಾನೆಯಲ್ಲಿ ಕೆಲಸ. ಸುತ್ತ ಕಣ್ಣು ಹಾಯಿಸಿದಷ್ಟೂ ಸಾಗವಾನಿ. ಕ್ವಾರ್ಟರ್ಸಿನಲ್ಲಿ ಮಾತ್ರ ಬಂದವರು ಟ್ರಂಕಿನ ಮೇಲೆ ಕೂರಬೇಕು. ಕುರ್ಚಿ ಮಾಡಿಸೋಣ ಎಂದು ನಮ್ಮವರು ಹಳಿಯಾಳದಿಂದ ಮಾನಪ್ಪ ಬಡಿಗೇರನನ್ನು ಕರೆಸಿದರು. ಚಕ್ಕಡಿ, ತೊಟ್ಟಿಲು, ಬಾಗಿಲು ಯಾವುದಕ್ಕೂ ಅವನೇ ಆಗಬೇಕು. ನಾನು ಮದರ್ ಕುರ್ಚಿಯ ಡ್ರಾಯಿಂಗ್ ಬರೆದು ಕೊಟ್ಟೆ. ಅದನ್ನು ಮೇಲೆ ಕೆಳಗೆ ತಿರುವಿ ನೋಡಿದ.

"ಅವ್ವಾರ, ಇಷ್ಟ ದಿನಾ ಅಲ್ಲಾಡೂ ಕುರ್ಚಿ ರಿಪೇರಿ ಮಾಡೇನ್ರಿ. ಅಲ್ಲಾಡೂ ಹಂಗ ಮಾಡಿ ಕೊಡು ಅಂತ ಯಾರೂ ಕರದಿಲ್ರಿ."

ಆಮೇಲೆ, "ಇದು ಮುಂದಿನ ಭಾಗ ಆತ್ರಿ" ಎಂದು, ಕೆಳಗೆ ನೆಲಕ್ಕೆ ತಾಗುವ ಬಾಗಿದ ಪಟ್ಟಿ ಹಿಂದೆ ಎಲ್ಲಿಯವರೆಗೆ ಹೋಗಿದೆ ಎಂದು ಕೇಳಿದ. ನನಗೆ ಗೊತ್ತಿದ್ದರೆ ತಾನೆ? ಮದರ್ ಸುಪೀರಿಯರ್ ಬೆನ್ನ ಹಿಂದೆ ಹೋಗಿ ನಿಲ್ಲುವ ಧೈರ್ಯ ಆ ಸ್ಕೂಲಿನಲ್ಲಿ ಯಾರಿಗಿತ್ತು! ಬಾಗು ಎಷ್ಟಿರಬೇಕು ಎಂಬ ಪ್ರಶ್ನೆಗೆ ನಾನು ಗಾಳಿಯಲ್ಲಿ ಕೈಯಾಡಿಸಿದೆ. ಮಾನಪ್ಪ ಅದನ್ನೇ ಅಳತೆಯೆಂದುಕೊಂಡು, ಚಕ್ಕಡಿ ಗಾಲಿ ಕೊರೆಯುವ ಮಾದರಿ ಹಲಗೆ ಇಟ್ಟು ಗೆರೆ ಎಳೆದ.

ಕುರ್ಚಿ ಸಿದ್ಧವಾಯಿತು. ಪಾಲಿಶ್ ಒಣಗುವುದನ್ನೂ ಕಾಯದೆ ಕೂರಲು ಹೊರಟೆ. ಮಳಗಿ ಎಂಬ ಊರಿನಿಂದ ಬಂದು ನಮ್ಮೊಡನೆ ಇದ್ದ ಅತ್ತೆ ಅಡ್ಡ ಬಂದರು. ನಮ್ಮ ಕಡೆ ಖಾಲಿ ತೊಟ್ಟಿಲು ತೂಗುವುದಿಲ್ಲ. ಕೂಸಿಗೆ ಹೆಸರಿಡುವ ದಿನ ಮೊದಲು ತೊಟ್ಟಿಲಲ್ಲಿ ರುಬ್ಬುವ ಗುಂಡುಕಲ್ಲು ಮಲಗಿಸಿ ತೂಗುತ್ತಾರೆ. ಇದು ಕುರ್ಚಿ ಅತ್ತೆ, ಫರ್ನಿಚರ್ ಎಂದೆ. "ತೂಗತೈತಿಲ್ಲೋ? ಮತ್ತ ತೊಟ್ಟಿಲಾನ ಅದು," ಅಂದರು. ಮಾನಪ್ಪನೂ ಹೌದೆಂದು ತಲೆಯಾಡಿಸಿದ.

ಅರಿಶಿನ ಕುಂಕುಮ ಹಚ್ಚಿದ ಗುಂಡುಕಲ್ಲು ನನ್ನ ಕುರ್ಚಿ ಏರಿತು. ಅತ್ತೆ ಜೋಗುಳದ ರಾಗ ಎತ್ತಿ ಮೆಲ್ಲಗೆ ತೂಗಿದರು. ಗಾಲಿಯ ಬಾಗಲ್ಲವೇ, ಕುರ್ಚಿಗೆ ಉರುಳುವುದಷ್ಟೇ ಗೊತ್ತು. ಹಿಂದಕ್ಕೆ ಹೋದದ್ದು ವಾಪಸ್ ಬರಲಿಲ್ಲ. ಕಾಲು ಮೇಲೆ ಮಾಡಿ ಮಲಗಿತು. ಕಲ್ಲು ವರಾಂಡ ದಾಟಿ ಅಂಗಳಕ್ಕಿಳಿಯಿತು. ಕಲ್ಲಿನ ಜಾಗದಲ್ಲಿ ನಾನು ಕೂತಿದ್ದರೆ ಎಂದು ಎಲ್ಲರೂ ನನ್ನನ್ನೇ ನೋಡಿದರು.

"ಆ ಬಾಗಿದ್ದೆಲ್ಲಾ ಕೊಯ್ದು ನೆಟ್ಟಗ ನಾಕು ಕಾಲು ಹಚ್ಚೋ ಮಾನಪ್ಪಾ," ಅಂದರು ಅತ್ತೆ. ಅವನು ಗರಗಸಕ್ಕೆ ಕೈ ಹಾಕಿಯೇಬಿಟ್ಟ. ನನ್ನ ಕನಸು ಊಟದ ಕುರ್ಚಿಯಾಗುವುದರಲ್ಲಿತ್ತು. ಇನ್ನೊಂದೇ ಒಂದು ಚಾನ್ಸ್ ಕೊಡಿ ಎಂದು ಬೇಡಿಕೊಂಡೆ. ಅತ್ತೆ ನನ್ನ ಮುಖ ನೋಡಿ, ಒಮ್ಮೆ ಮಾತ್ರ ಎಂದರು.

ಆಗ ಜಾಮೆಟ್ರಿ ಕ್ಲಾಸು ನೆನಪಾಯಿತು. ಗಾಲಿಗಿಂತ ದೊಡ್ಡ ಸುತ್ತು ಹಾಕಿದರೆ ಬಾಗು ಸಡಿಲಾಗಬೇಕಲ್ಲ? ಕಾಂಪಾಸ್ ಎಲ್ಲಿಂದ ತರುವುದು? ಹುರಿಯ ಒಂದು ತುದಿಗೆ ಇದ್ದಿಲು ಕಟ್ಟಿ ಮಾನಪ್ಪನ ಕೈಗೆ ಕೊಟ್ಟೆ. ಇನ್ನೊಂದು ತುದಿಯನ್ನು ಅತ್ತೆ ಕೂತಲ್ಲಿಂದಲೇ ಕಾಲಿನ ಹೆಬ್ಬೆರಳಲ್ಲಿ ಒತ್ತಿ ಹಿಡಿದರು. "ಜಗ್ಗಿ ಹಿಡಿಯೋ, ನಾ ಏನ್ ಬೀಳಾಂಗಿಲ್ಲ," ಎಂದು ಅವನಿಗೇ ಗದರಿದರು. ವರಾಂಡದ ತುಂಬ ಕಪ್ಪು ಗೆರೆಗಳು ಮೂಡಿದವು. ಅಷ್ಟೂ ವೃತ್ತಗಳಿಗೆ ಅತ್ತೆಯೇ ಕೇಂದ್ರ. ಮನೆಯ ವಸ್ತುಸ್ಥಿತಿಗೆ ಅಷ್ಟು ಹತ್ತಿರದ ಜಾಮೆಟ್ರಿಯನ್ನು ನಾನು ಮತ್ತೆ ಕಂಡಿಲ್ಲ.

ಹೊಸ ಪಟ್ಟಿಗಳು ಬಂದವು. ಗುಂಡುಕಲ್ಲು ಮತ್ತೆ ಏರಿತು. ಈ ಸಲ ಅತ್ತೆ ರಾಗ ಎತ್ತದೆ ಒಂದೇ ಬೆರಳಲ್ಲಿ ತೂಗಿದರು. ಕುರ್ಚಿ ಹಿಂದಕ್ಕೆ ಹೋಯಿತು, ಯೋಚಿಸಿತು, ಮರಳಿ ಬಂತು. "ಬಂತ್ರೀ," ಅಂದ ಮಾನಪ್ಪ, ಓಡಿ ಹೋದ ಎತ್ತು ಕೊಟ್ಟಿಗೆಗೆ ಮರಳಿದ್ದನ್ನು ಕಂಡವರ ಹಾಗೆ.

ಕಲ್ಲಿಳಿಸಿ ನಾನು ಕೂತೆ. ಎದುರಿಗೆ ಅತ್ತೆ, ಮಾನಪ್ಪ ಒಮ್ಮೆ ಹತ್ತಿರ, ಒಮ್ಮೆ ದೂರ. ಓಹೋ, ಮದರ್ ಕಣ್ಣಿಗೆ ನಾವೆಲ್ಲ ಹೀಗೆ ಕಾಣುತ್ತಿದ್ದೆವು ಅನ್ನಿಸಿತು. ಯಾಕೋ ಅವರ ಮೇಲಿನ ಸಿಟ್ಟು ಸ್ವಲ್ಪ ಇಳಿಯಿತು.

ಅತ್ತೆ ಹೋದರು, ಮಾನಪ್ಪ ಹೋದ. ಕುರ್ಚಿ ಗಟ್ಟಿಯಾಗಿದೆ, ನನ್ನ ಮಂಡಿಗಳು ಮಾತ್ರ ಹೋಗಿವೆ. ಅದರಲ್ಲಿ ಕೂತರೆ ಏಳಿಸಲು ಇಬ್ಬರು ಬೇಕು. ಹಾಗಾಗಿ ನಾನು ಪ್ಲಾಸ್ಟಿಕ್ ಕುರ್ಚಿಯಲ್ಲಿ. ಗಾಳಿಗೆ ಖಾಲಿ ತೂಗಬಾರದೆಂದು ಅದರಲ್ಲಿ ಗುಂಡುಕಲ್ಲು ಇಡಿಸಿದ್ದೇನೆ. ಮಿಕ್ಸಿ ಬಂದ ಮೇಲೆ ಅದಕ್ಕೂ ಬೇರೆ ಕೆಲಸವಿಲ್ಲ. ಯಾರಾದರೂ ಕೇಳಿದರೆ "ಬ್ಯಾಲೆನ್ಸ್‌ಗೆ" ಅನ್ನುತ್ತೇನೆ. ಇದನ್ನು ಬರೆಯುತ್ತಿರುವಾಗಲೂ ಕಲ್ಲು ಎದುರಿಗೇ ಇದೆ, ಕಪ್ಪಗೆ, ದುಂಡಗೆ, ಹಿಂದೆ ಮುಂದೆ ತೂಗುತ್ತ. ನನಗೇ ತಿಳಿಯದೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದೇನೆ.